ಯೆಲ್ಲೋಸ್ಟೋನ್‌ಗೆ ತೋಳ ಮರಳಿದ ಮೇಲೆ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳದ ಸಂತತಿ ತಾನಾಗಿ ಅಳಿದದ್ದಲ್ಲ. ದನಕರು, ಜಿಂಕೆಗಳನ್ನು ಕಾಪಾಡುವ ಹೆಸರಿನಲ್ಲಿ ಸರ್ಕಾರವೇ ಗುಂಡು, ವಿಷ, ಬೋನುಗಳನ್ನು ಬಳಸಿ ಕೊಲ್ಲಿಸಿತು. 1926ರಲ್ಲಿ ಕಡೆಯ ಎರಡು ಮರಿಗಳನ್ನು ಕೊಂದವರು ಉದ್ಯಾನದ ಕಾವಲುಗಾರರೇ. ಆಮೇಲೆ ಎಲ್ಕ್ ಜಿಂಕೆ ಮಿತಿಮೀರಿ ಹೆಚ್ಚಿ, ಹೊಳೆದಂಡೆಯ ಎಳೆಗಿಡಗಳು ತಲೆಯೆತ್ತದಂತಾಯಿತು.

ತಪ್ಪು ತಿದ್ದಿಕೊಳ್ಳಲು ಸುಮಾರು 70 ವರ್ಷ ಬೇಕಾಯಿತು. 1995ರ ಜನವರಿಯಲ್ಲಿ ಕೆನಡಾದಿಂದ 14 ತೋಳಗಳು ಬಂದವು, ಮರುವರ್ಷ 17. ಹೊಸ ಜಾಗಕ್ಕೆ ಒಗ್ಗಲೆಂದು ಮೊದಲು ಬೇಲಿಯೊಳಗೆ ಇಟ್ಟಿದ್ದರು. ಮಾರ್ಚ್‌ನಲ್ಲಿ ಬಾಗಿಲು ತೆರೆದರೆ ಒಂದು ಗುಂಪು ಅತ್ತ ಸುಳಿಯಲೇ ಇಲ್ಲ. ಮನುಷ್ಯರು ಓಡಾಡಿದ ಬಾಗಿಲು ಅದು! ಕೊನೆಗೆ ಬೇರೊಂದು ಕಡೆ ಬೇಲಿ ಕತ್ತರಿಸಿ, ಹೊರಗೆ ಮಾಂಸವಿಟ್ಟು ಕರೆಯಬೇಕಾಯಿತು. ಏಪ್ರಿಲ್‌ನಲ್ಲೇ, ಉದ್ಯಾನದ ಆಚೆ, 10ನೇ ಸಂಖ್ಯೆಯ ಗಂಡು ತೋಳ ಗುಂಡಿಗೆ ಬಲಿಯಾಯಿತು. ಅದರ ಸಂಗಾತಿ ಹಾಕಿದ ಎಂಟು ಮರಿಗಳನ್ನು ತಾಯಿಯ ಜೊತೆಗೇ ಬೇಲಿಯೊಳಕ್ಕೆ ತಂದು ಸಾಕಿದರು.

2003ರ ಹೊತ್ತಿಗೆ ಉದ್ಯಾನದ ತೋಳಗಳು 174ಕ್ಕೆ ಏರಿದವು; ಈಚಿನ ವರ್ಷಗಳಲ್ಲಿ ನೂರರ ಆಸುಪಾಸಿನಲ್ಲಿವೆ. ತೋಳ ಬಂದದ್ದೇ ತಡ, ಎಲ್ಕ್ ಕಡಿಮೆಯಾಗಿ, ದಂಡೆಯ ಗಿಡ ಚಿಗುರಿ, ನದಿಯೇ ಹರಿವು ಬದಲಿಸಿತು ಎಂಬ ಕತೆ ಜಗತ್ತನ್ನೆಲ್ಲ ಸುತ್ತಿತು. ಅದಕ್ಕೆ ಸ್ವಲ್ಪ ಉಪ್ಪುಖಾರ ಹೆಚ್ಚಾಗಿದೆ. ಎಲ್ಕ್ ಕಡಿಮೆಯಾದದ್ದರಲ್ಲಿ ಕರಡಿ, ಪೂಮಾ, ಬೇಟೆಗಾರರ ಪಾಲೂ ಉಂಟು. ಗಿಡಗಳು ಚೇತರಿಸಿಕೊಂಡದ್ದೂ ಎಲ್ಲೆಡೆ ಒಂದೇ ಸಮನಲ್ಲ.

ತೋಳ ತನ್ನ ಪಾಲಿನ ಕೆಲಸ ಮಾಡಿತು, ಬದುಕಿ ತೋರಿಸಿತು. ಅರ್ಧಕ್ಕೆ ನಿಂತದ್ದು ಮನುಷ್ಯರ ಕೆಲಸ. 2011ರಲ್ಲಿ ಅಮೆರಿಕದ ಸಂಸತ್ತು ಆಯವ್ಯಯ ಮಸೂದೆಯೊಂದರಲ್ಲಿ ಒಂದು ಸಾಲು ತೂರಿಸಿ, ಮೊಂಟಾನಾ ಮತ್ತು ಐಡಾಹೊ ರಾಜ್ಯಗಳ ತೋಳಗಳಿಗಿದ್ದ ಕೇಂದ್ರದ ರಕ್ಷಣೆ ತೆಗೆದುಹಾಕಿತು. 2021–22ರ ಚಳಿಗಾಲದಲ್ಲಿ ಯೆಲ್ಲೋಸ್ಟೋನ್‌ನ 25 ತೋಳಗಳು ಗಡಿ ದಾಟಿದಾಗ ಬೇಟೆಗೆ ಸಿಕ್ಕಿ ಸತ್ತವು. ಉದ್ಯಾನದ ಗೆರೆ ತೋಳಕ್ಕೆ ಹೇಗೆ ಗೊತ್ತಾಗಬೇಕು?

ಇತ್ತ ಕೊಲೊರಾಡೊ ರಾಜ್ಯ 2020ರಲ್ಲಿ ಮತದಾನ ನಡೆಸಿ, ಅರ್ಧಕ್ಕಿಂತ ತುಸುವೇ ಹೆಚ್ಚು ಮತಗಳಿಂದ ತೋಳ ತರುವ ತೀರ್ಮಾನ ಮಾಡಿತು. ‘ಬೇಕು’ ಎಂದವರಲ್ಲಿ ನಗರದವರೇ ಹೆಚ್ಚು. ಕರು ಕಳೆದುಕೊಳ್ಳುವವರು ಬೆಟ್ಟದಾಚೆಯ ದನಗಾಹಿಗಳು. 2023ರ ಡಿಸೆಂಬರ್‌ನಲ್ಲಿ ಆರೆಗಾನ್‌ನಿಂದ 10 ತೋಳ ತಂದು ಬಿಟ್ಟರು, ನಾಲ್ಕೇ ತಿಂಗಳಲ್ಲಿ ದನಗಳ ಮೇಲೆ ದಾಳಿ ಶುರುವಾಯಿತು. ಸತ್ತ ದನಕ್ಕೆ ಪರಿಹಾರವೇನೋ ಉಂಟು. ಹಿಂಡು ಕಾಯುವ ಕುದುರೆ ಸವಾರರನ್ನು ಸರ್ಕಾರ ನೇಮಿಸಿದ್ದು ಮಾತ್ರ ಜಗಳ ಹತ್ತಿಕೊಂಡ ಮೇಲೆ. ಇನ್ನು ಯಾವುದೇ ರಾಜ್ಯ ತೋಳ ತರುವುದಾದರೆ ಆ ಸವಾರರ ಸಂಬಳವನ್ನು ಮೊದಲೇ ತೆಗೆದಿಡಲಿ.