ಹೇಳಲಾರದ ತುರಿಕೆ

ಈ ಸಲದ ವಿಷಯ ಓದಿ ಕೆಲವರು ಹುಬ್ಬು ಗಂಟಿಕ್ಕಬಹುದು. ನಾವು ವೈದ್ಯರಲ್ಲ, ಅಕ್ಕಲಕೋಟೆಯಲ್ಲಿ ನಲವತ್ತು ವರ್ಷ ಅರಿವೆ ಅಂಗಡಿ ನಡೆಸಿದ, ಮೆಟ್ರಿಕ್ ಓದಿದ ವ್ಯಾಪಾರಸ್ಥರು. ಆದರೆ ನಮ್ಮ ಧರ್ಮಪತ್ನಿ ಗುಪ್ತಾಂಗದ ಹೊರ ಚರ್ಮದ ತುರಿಕೆಯನ್ನು ನಾಲ್ಕು ವರ್ಷ ನುಂಗಿಕೊಂಡರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ರಾತ್ರಿ ಎದ್ದು ಕೂಡುತ್ತಿದ್ದರು. ಕೇಳಿದರೆ "ಸೆಕೆ ಆಗ್ಯದ, ನೀವು ಮಲಕ್ಕೋರಿ" ಎನ್ನುತ್ತಿದ್ದರು. ಒಂದು ದಿನ "ಉಷ್ಣಾಗಿ ತುರಸ್ತದ" ಎಂದಷ್ಟೇ ಬಾಯಿಬಿಟ್ಟಾಗ ನಾವು ಔಷಧ ಅಂಗಡಿಗೆ ಹೋಗಿ ತುರಿಕೆ ಮುಲಾಮು ಕೇಳಿ ತಂದೆವು. ಹಚ್ಚಿದರೆ ಎರಡು ದಿನ ಆರಾಮ, ಬಿಟ್ಟರೆ ಮತ್ತೆ ಅದೇ. ಒಬ್ಬ ವೈದ್ಯರು ನೋಡದೆಯೇ ಫಂಗಸ್ಸಿನ ಗುಳಿಗೆ ಬರೆದುಕೊಟ್ಟರು. ತಪ್ಪು ಅವರೊಬ್ಬರದೇ ಅಲ್ಲ. ತೋರಿಸಲು ಇವರು ಒಪ್ಪಲಿಲ್ಲ, ತೋರಿಸೆಂದು ನಾವೂ ಹೇಳಲಿಲ್ಲ.

ಕಡೆಗೆ ಸೊಸೆ ಹಟ ಹಿಡಿದು ಸೊಲ್ಲಾಪುರದ ಲೇಡಿ ಡಾಕ್ಟರರ ಹತ್ತಿರ ಕರೆದೊಯ್ದಳು. ಅವರಿಗೆ ಕನ್ನಡ ಬರುತ್ತಿದ್ದುದು ನಮ್ಮ ಪುಣ್ಯ. ಆ ಜಾಗದ ಹೆಸರು ಕನ್ನಡದಲ್ಲೇ ಬಾಯಿಗೆ ಬಾರದವರಿಗೆ ಮರಾಠಿಯಲ್ಲಿ ಎಲ್ಲಿಂದ ಬರಬೇಕು? ಡಾಕ್ಟರು ದೀಪ ಹಿಡಿದು ನೋಡಿದರು, ಚೂರು ಚರ್ಮ ತೆಗೆದು ತಪಾಸಣೆಗೆ ಕಳಿಸಿದರು. ರೋಗದ ಹೆಸರು ಲೈಕೆನ್ ಸ್ಕ್ಲೀರೋಸಸ್.

ಇದು ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಮೈನೆರೆಯದ ಹುಡುಗಿಯರಲ್ಲೂ ಉಂಟು. ಚರ್ಮ ಬೆಳ್ಳಗಾಗಿ, ಗಾಳಿಪಟದ ಕಾಗದದಂತೆ ತೆಳ್ಳಗೆ ಸುಕ್ಕುಗಟ್ಟಿ, ಸೀಳಿ ಉರಿಯುತ್ತದೆ. ದೇಹದ ರಕ್ಷಣಾ ಶಕ್ತಿಯೇ ತನ್ನ ಚರ್ಮದ ಮೇಲೆ ತಿರುಗಿ ಬೀಳುವುದು ಕಾರಣವೆಂದು ವೈದ್ಯರು ತಿಳಿಯುತ್ತಾರೆ. ಅಂಟುರೋಗವಲ್ಲ, ಕೊಳೆಯಿಂದ ಬಂದದ್ದಲ್ಲ, ನಡತೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಹಾಗೇ ಬಿಟ್ಟರೆ ಆ ಭಾಗ ಕುಗ್ಗಿ ಅಂಟಿಕೊಳ್ಳುತ್ತದೆ. ನೂರರಲ್ಲಿ ಐದಕ್ಕಿಂತ ಕಡಿಮೆ ಜನರಿಗೆ ಮುಂದೆ ಅಲ್ಲೇ ಕ್ಯಾನ್ಸರ್ ಆಗಬಹುದು. ಆರದ ಹುಣ್ಣು, ಗಂಟು ಕಂಡರೆ ಒಂದು ದಿನವೂ ತಡೆಯಬಾರದು.

ಔಷಧದ ಸಂಗತಿ ಕೇಳಿ ನಾವು ಬೆರಗಾದೆವು. ಕ್ಲೊಬೆಟಾಸಾಲ್ ಎಂಬ ಬಲು ತೀಕ್ಷ್ಣ ಸ್ಟಿರಾಯ್ಡ್ ಮುಲಾಮು. ಮೊದಲ ತಿಂಗಳು ದಿನಾ ರಾತ್ರಿ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆ ಎರಡು ಸಲ; 30 ಗ್ರಾಮಿನ ಟ್ಯೂಬು ಮೂರು ತಿಂಗಳಿಗೆ ಸಾಕು. ನಾವು ಅಂಗಡಿಯಿಂದ ತಂದ ಮಿಶ್ರ ಮುಲಾಮಿನಲ್ಲೂ ಸ್ಟಿರಾಯ್ಡ್ ಇತ್ತಂತೆ! ಆದರೆ ಲೆಕ್ಕವಿಲ್ಲದೆ ಹಚ್ಚಿದ್ದು. ಅದೇ ಸ್ಟಿರಾಯ್ಡನ್ನು ಗಜಕರ್ಣಕ್ಕೆ ಹಚ್ಚಿದರೆ ಮೇಲೆ ಕೆಂಪು ಇಳಿದು, ಸದ್ದಿಲ್ಲದೆ ತೊಡೆಯೆಲ್ಲ ಹಬ್ಬುತ್ತದೆ. ಇಂಥ ದುರುಪಯೋಗ ಮಿತಿಮೀರಿದ್ದರಿಂದ 2018ರಲ್ಲಿ ಕೇಂದ್ರ ಸರಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಮಾಡಿತು. ನೋಡದೆ ರೋಗ ತಿಳಿಯದು, ರೋಗ ತಿಳಿಯದೆ ಟ್ಯೂಬು ಕೊಳ್ಳಬಾರದು.

ಎಲ್ಲ ತುರಿಕೆಯೂ ಇದೇ ಅಲ್ಲ. ಮೊಸರಿನಂಥ ಬಿಳಿ ಸ್ರಾವವಿದ್ದರೆ ಕ್ಯಾಂಡಿಡಾ ಇರಬಹುದು. ಅದು ಮೇಲಿಂದ ಮೇಲೆ ಬಂದರೆ ರಕ್ತದ ಸಕ್ಕರೆ ನೋಡಿಸಬೇಕು. ಗಾದಿ ಬಿಟ್ಟೇಳದ ನಮ್ಮ ಮನೆತನಗಳಿಗೆ ಈ ಮಾತು ಬೇರೆ ಹೇಳಬೇಕಿಲ್ಲ. ಬಹಳ ಸಲ ಕಾರಣ ಬಚ್ಚಲಲ್ಲೇ ಇರುತ್ತದೆ: ಸುವಾಸನೆಯ ಸಾಬೂನು, ಜಂತುನಾಶಕ ಬೆರೆಸಿದ ನೀರು, ಪೌಡರು. ಕೆಮ್ಮಿದಾಗ ತೊಟ್ಟಿಕ್ಕುವ ಮೂತ್ರವೂ ಚರ್ಮವನ್ನು ಸುಡುತ್ತದೆ. ಬರೀ ನೀರಿನಿಂದ ದಿನಕ್ಕೊಮ್ಮೆ ತೊಳೆದು, ತಿಕ್ಕದೆ ಮೆತ್ತಗೆ ಒತ್ತಿ ಒರೆಸಿದರೆ ಸಾಕು. ಮೇಲೆ ಬರೀ ವ್ಯಾಸಲೀನ್ ತೆಳ್ಳಗೆ ಹಚ್ಚಬಹುದು. ಅದು ಭೂಮಿಯ ಎಣ್ಣೆಯಿಂದಾದದ್ದು, ಪ್ರಾಣಿಯ ಕೊಬ್ಬಲ್ಲ.

ಅರಿವೆಯ ಮಾತನ್ನು ಮಾತ್ರ ನಾವು ಅಧಿಕಾರದಿಂದ ಹೇಳಬಲ್ಲೆವು. ಹೊಳಪು ನೋಡಿ ನಾಯ್ಲಾನ್ ಒಯ್ಯುತ್ತಾರೆ. ಲಾಭಕ್ಕಾಗಿ ನಾವೂ ಮಾರಿದ್ದೇವೆ. ಒಳಗೆ ಹಾಕಲು ಸಡಿಲಾದ ಹತ್ತಿಯೇ ಬೇಕು, ಸೋಪಿನ ಪುಡಿ ಉಳಿಯದಂತೆ ಎರಡು ನೀರಲ್ಲಿ ಜಾಲಿಸಬೇಕು. ಇನ್ನೊಂದು: ಗಂಡಸರ ಬನಿಯನ್ನು ಅಂಗಳದ ಬಿಸಿಲಿಗೆ, ಹೆಂಗಸರ ಒಳ ಅರಿವೆ ಕತ್ತಲೆ ಕೋಣೆಯಲ್ಲಿ ಸೀರೆಯ ಅಡಿಗೆ! ಮಳೆಗಾಲದಲ್ಲಿ ಅವು ಒಣಗುವುದೇ ಇಲ್ಲ, ಹಸಿಯಿದ್ದಾಗಲೇ ಹಾಕಿಕೊಳ್ಳುತ್ತಾರೆ.

ಇವರು ಈಗ ರಾತ್ರಿ ನಿದ್ದೆ ಮಾಡುತ್ತಾರೆ, ಆರು ತಿಂಗಳಿಗೊಮ್ಮೆ ಸೊಲ್ಲಾಪುರಕ್ಕೆ ಹೋಗಿ ತೋರಿಸಿ ಬರುತ್ತಾರೆ. ನಮ್ಮ ಮಾಳಿಗೆಯ ಮೇಲೆ, ಪೂರ್ವದ ಬಿಸಿಲಿಗೆ, ಇನ್ನೊಂದು ತಂತಿ ಕಟ್ಟಿಸಿದ್ದೇವೆ.