ರೋಗಾಣುಗಳ ಮಾತುಕತೆ ಮತ್ತು ನಮ್ಮ ಮಸಾಲೆ ಡಬ್ಬಿ

ಬಂಗಾರಪೇಟೆ ಕಡೆಯವರಿಗೆ ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳನ್ನು ಪರಿಚಯಿಸಬೇಕಾಗಿಲ್ಲ. ಅದಿರನ್ನು ಪುಡಿ ಮಾಡಿ, ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ದಿಬ್ಬಗಳು ಉಳಿದುಕೊಂಡವು.

ಈ ಸಯನೈಡನ್ನು ತಾನೇ ತಯಾರಿಸುವ ಒಂದು ಬ್ಯಾಕ್ಟೀರಿಯಾ ಇದೆ ಎಂದರೆ ನಂಬುತ್ತೀರಾ? ಬಿಸಿ ನಾಡುಗಳ ಮಣ್ಣು, ನೀರಿನಲ್ಲಿರುವ ಅದರ ಹೆಸರು ಕ್ರೋಮೊಬ್ಯಾಕ್ಟೀರಿಯಮ್ ವಯೋಲೇಸಿಯಮ್. ಆದರೆ ಒಂಟಿಯಾಗಿದ್ದಾಗ ಅದು ಸುಮ್ಮನಿರುತ್ತದೆ. ಒಬ್ಬ ಹೆಣ್ಣುಮಗಳು ಖಾಲಿ ಕೊಡ ಹಿಡಿದು ಪುರಸಭೆಯ ಮುಂದೆ ನಿಂತರೆ ಯಾರು ಕೇಳುತ್ತಾರೆ? ಐವತ್ತು ಕೊಡ ಸೇರಿದರೆ ಟ್ಯಾಂಕರ್ ಬರುತ್ತದೆ. ಈ ಲೆಕ್ಕ ಬ್ಯಾಕ್ಟೀರಿಯಾಗಳಿಗೂ ಗೊತ್ತು. ಪ್ರತಿಯೊಂದೂ ಒಂದು ರಾಸಾಯನಿಕವನ್ನು ಹೊರಗೆ ಬಿಡುತ್ತದೆ. ಗುಂಪು ಬೆಳೆದಂತೆ ಅದು ದಟ್ಟವಾಗುತ್ತದೆ. ಆಗ ಎಲ್ಲವೂ ಒಟ್ಟಿಗೆ ನೇರಳೆ ಬಣ್ಣವನ್ನೂ ಸಯನೈಡನ್ನೂ ತಯಾರಿಸತೊಡಗುತ್ತವೆ.

ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಿ ಸೇರಿಕೊಳ್ಳುವ ಸ್ಯೂಡೋಮೊನಾಸ್ ಕೂಡ ಹೀಗೆಯೇ. ಸಂಖ್ಯೆ ಸಾಕಷ್ಟಾದ ಮೇಲೆ ವಿಷ ಕಾರುತ್ತದೆ, ಲೋಳೆಯ ಪದರ ಕಟ್ಟಿಕೊಂಡು ಔಷಧಿಗೂ ಜಗ್ಗದೆ ಕೂರುತ್ತದೆ.

ಗಿಡಗಳು ಎದ್ದು ಓಡಲಾರವು. ಆದರೆ ಈ ಮಾತುಕತೆಯನ್ನು ಕೆಡಿಸುವ ರಾಸಾಯನಿಕಗಳು ಅವುಗಳಲ್ಲಿವೆ. ಬಿರಿಯಾನಿಗೆ ಹಾಕುವ ಚಕ್ಕೆ, ಲವಂಗ, ಬೆಳ್ಳುಳ್ಳಿಯಲ್ಲೂ ಇವೆ. ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುವುದು ಆ ನೇರಳೆ ಬ್ಯಾಕ್ಟೀರಿಯಾದಿಂದಲೇ. ಗಿಡದ ಸಾರ ಹಾಕಿದಾಗ ಅದು ಬದುಕಿದ್ದೂ ಬಣ್ಣ ಬಾರದಿದ್ದರೆ, ಮಾತು ಕಡಿದಿದೆ ಎಂದರ್ಥ. ಕೊಲ್ಲದೆಯೇ ಬಾಯಿ ಮುಚ್ಚಿಸುವ ಈ ದಾರಿಯ ಮೇಲೆ ವಿಜ್ಞಾನಿಗಳಿಗೆ ಆಸೆ ಹೆಚ್ಚು. ಆಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿವೆಯಲ್ಲ! ಬೆಳ್ಳುಳ್ಳಿಯ ಅಜೋಯಿನ್ ಎಂಬ ಅಂಶ ಸ್ಯೂಡೋಮೊನಾಸ್‌ನ ಮಾತನ್ನು ತಡೆಯುತ್ತದೆಂದು 2012ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತೋರಿಸಿದರು.

ಇಷ್ಟು ಓದಿ ಬೆಳ್ಳುಳ್ಳಿ ಜಜ್ಜಲು ಏಳಬೇಡಿ! ಗಾಜಿನ ತಟ್ಟೆಯಲ್ಲಿ ನಡೆದದ್ದು ಮೈಯಲ್ಲಿ ನಡೆಯಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ ಎಂಟು ವಾರ ಬೆಳ್ಳುಳ್ಳಿ ಕ್ಯಾಪ್ಸೂಲ್ ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಹಸಿ ಬೆಳ್ಳುಳ್ಳಿಯನ್ನು ಕಟ್ಟಿದರೆ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋಗಿರುವ ಅತ್ತೆಗೋ ಅಮ್ಮನಿಗೋ ಆ ಉರಿ ತಿಳಿಯುವುದೇ ಇಲ್ಲ. ರಾತ್ರಿ ಮಲಗುವ ಮುನ್ನ ಅವರ ಪಾದಗಳನ್ನು ಬೆಳಕಿನಲ್ಲಿ ಒಮ್ಮೆ ನೋಡಿ. ಬೆರಳ ಸಂದಿಯಲ್ಲಿ ಸಣ್ಣ ಗಾಯ ಕಂಡರೂ ಮರುದಿನವೇ ಡಾಕ್ಟರ ಬಳಿ ಕರೆದೊಯ್ಯಿರಿ. ಅವರು ಕೊಟ್ಟ ಮಾತ್ರೆಯನ್ನು ಗಾಯ ಒಣಗಿತೆಂದು ಅರ್ಧಕ್ಕೆ ಬಿಡಬೇಡಿ.