ಬಾಂಬು ದಾರಿ ತಪ್ಪುವುದು ಮೇಲೆಯೇ

ಪುಣೆಗೆ ಬಂದು ಹದಿನಾರು ವರ್ಷವಾಯಿತು. ವಾರವೆಲ್ಲ ಚಾಕಣ್‌ನ ಕಾರ್ಖಾನೆ. ಶನಿವಾರ ರಾತ್ರಿ ಮಾತ್ರ ನಾನು ಪೈಲಟ್. ಚೆನ್ನೈನಲ್ಲಿರುವ ಕಾಲೇಜು ಗೆಳೆಯನೂ ನಾನೂ ಹೆಡ್‌ಫೋನ್ ಹಾಕಿಕೊಂಡು ‘ಐಎಲ್-2 ಸ್ಟರ್ಮೊವಿಕ್’ ಎಂಬ ಯುದ್ಧವಿಮಾನದ ಸಿಮ್ಯುಲೇಟರ್ ಮುಂದೆ ಕೂರುತ್ತೇವೆ. ನಾನು ಹೊಟ್ಟೆ ತುಂಬ ಕನ್ನಡ ಮಾತಾಡುವುದು ಆ ಎರಡು ಗಂಟೆಯಲ್ಲೇ. ‘ನಲವತ್ತು ದಾಟಿದವರು ಆಡೋ ಆಟವೇನ್ರೀ ಇದು?’ ಎಂದು ಹೆಂಡತಿ ನಗುತ್ತಾಳೆ. ನಗಲಿ. ನನ್ನ ಕೆಲಸದ ಬಗ್ಗೆ ಯಾವ ಟ್ರೈನಿಂಗೂ ಹೇಳಿಕೊಡದ ಒಂದು ಪಾಠವನ್ನು ಈ ಆಟ ಕಲಿಸಿದೆ.

ನಾನು ಓಡಿಸುವುದು ಎರಡನೇ ಮಹಾಯುದ್ಧದ ಜರ್ಮನ್ ಡೈವ್ ಬಾಂಬರ್ ‘ಸ್ಟೂಕಾ’. ಎತ್ತರದಿಂದ ಗುರಿಯತ್ತ ಮೂಗು ಮಾಡಿ ಕಡಿದಾಗಿ ಇಳಿಯುವುದು, ಬಾಂಬು ಬಿಡುವುದು, ನೆಲ ಮುಟ್ಟುವ ಮೊದಲು ಮೇಲೇಳುವುದು. ಹೇಳಲು ಸುಲಭ. ನನ್ನ ಬಾಂಬುಗಳು ಮಾತ್ರ ತಿಂಗಳುಗಟ್ಟಲೆ ಸೇತುವೆ ಬಿಟ್ಟು ನದಿಗೇ ಬಿದ್ದವು. ತಪ್ಪು ಜಾಯ್‌ಸ್ಟಿಕ್‌ನದೆಂದು ದುಬಾರಿ ಜಾಯ್‌ಸ್ಟಿಕ್ ತಂದೆ. ಬಾಂಬು ಮತ್ತೆ ನದಿಗೇ ಬಿತ್ತು. ಬಟನ್ ಒತ್ತುವ ಕ್ಷಣವನ್ನು ಹಿಂದೆ ಮುಂದೆ ಮಾಡಿದೆ. ಅದೇ ಕಥೆ.

ಕೊನೆಗೆ ಗೆಳೆಯ ಕೇಳಿದ: ‘ಮಗಾ, ಬಾಂಬು ಬೀಳೋದನ್ನೇ ನೋಡ್ತೀಯಲ್ಲ, ನೀನು ಇಳಿಯೋದನ್ನ ಯಾವತ್ತಾದ್ರೂ ನೋಡಿದ್ದೀಯಾ?’

ಅಂದು ರೆಕಾರ್ಡಿಂಗ್ ಹಾಕಿ ನೋಡಿದೆ. ಪ್ರತಿ ಸಲವೂ ಗುರಿಯ ನೆತ್ತಿಗೆ ಬರುವ ಮೊದಲೇ ಆತುರದಿಂದ ಮೂಗು ಇಳಿಸುತ್ತಿದ್ದೆ. 80 ಡಿಗ್ರಿ ಎಂದುಕೊಂಡದ್ದು ನಿಜದಲ್ಲಿ 60 ಕೂಡ ಇರಲಿಲ್ಲ. ಡೈವ್ ಬ್ರೇಕ್ ತಡವಾಗಿ ತೆರೆಯುತ್ತಿದ್ದೆ, ಥ್ರಾಟಲ್ ಇಳಿಸಲು ಮರೆಯುತ್ತಿದ್ದೆ. ಇಳಿಯುವ ಇಪ್ಪತ್ತು ಚಿಲ್ಲರೆ ಸೆಕೆಂಡು ಗುರಿ ಹಿಡಿಯುವುದಕ್ಕಲ್ಲ, ಮೇಲೆ ಮಾಡಿದ ತಪ್ಪು ತಿದ್ದುವುದಕ್ಕೇ ಖರ್ಚಾಗುತ್ತಿತ್ತು.

ಎಂಜಿನಿಯರ್ ಬುದ್ಧಿ, ಕಾಗದದ ಮೇಲೆ ಲೆಕ್ಕ ಹಾಕಿದೆ. ಗಂಟೆಗೆ 500 ಕಿ.ಮೀ. ವೇಗ, 700 ಮೀಟರ್ ಎತ್ತರದಲ್ಲಿ ಬಾಂಬು ಬಿಟ್ಟೆವೆನ್ನಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 60 ಡಿಗ್ರಿಯ ಇಳಿತದಲ್ಲಿ ಬಾಂಬು ಮೂಗಿನ ನೇರಕ್ಕಿಂತ ಸುಮಾರು 65 ಮೀಟರ್ ಈಚೆಗೇ ಬೀಳುತ್ತದೆ. ಅದೇ 80 ಡಿಗ್ರಿಯಲ್ಲಿ 17 ಮೀಟರ್. ಅಂದರೆ ಕೋನ ಸರಿಯಿದ್ದರೆ ಮುಕ್ಕಾಲು ಪಾಲು ತಪ್ಪು ತಾನಾಗಿ ಕರಗುತ್ತದೆ. ಕೋನ ತಿಳಿಯಲೆಂದೇ ಸ್ಟೂಕಾದ ಪಕ್ಕದ ಗಾಜಿನ ಮೇಲೆ ಗೆರೆಗಳಿವೆ, ದಿಗಂತಕ್ಕೆ ಹೊಂದಿಸಿ ನೋಡಬೇಕು. ಗುರಿ ನೆತ್ತಿಗೆ ಬಂತೆಂದು ತಿಳಿಯಲು ಕಾಲ ಬಳಿ ನೆಲದಲ್ಲೇ ಕಿಟಕಿ ಇದೆ. ಎರಡನ್ನೂ ನಾನು ಅಲಂಕಾರವೆಂದುಕೊಂಡಿದ್ದೆ!

ಇಳಿತದ ಆರಂಭ ಎಷ್ಟು ಮುಖ್ಯವೆಂಬುದು ವಿಮಾನ ಕಟ್ಟಿದವರಿಗೂ ಗೊತ್ತಿತ್ತು. ಸಾಮಾನ್ಯವಾಗಿ ವಿಮಾನದ ರೆಕ್ಕೆಯನ್ನು ಒಡಲಿಗೆ ತುಸು ಓರೆಯಾಗಿ ಕೂರಿಸಿರುತ್ತಾರೆ. ಹಾಗಾಗಿ ನೆಟ್ಟಗೆ ಕೆಳಗಿಳಿಯುವಾಗಲೂ ರೆಕ್ಕೆ ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ. ಅಮೆರಿಕದ ‘ವಲ್ಟಿ ವೆಂಜನ್ಸ್’ ಡೈವ್ ಬಾಂಬರ್‌ನಲ್ಲಿ ಆ ಓರೆಯನ್ನೇ ತೆಗೆದು ಸೊನ್ನೆ ಮಾಡಿದರು. ನೇರ ಹಾರಾಟದಲ್ಲಿ ಅದು ಮೂಗೆತ್ತಿಕೊಂಡು ಅಂದಗೇಡಿಯಾಗಿ ಹೋಗುತ್ತಿತ್ತು. ಇಳಿತದಲ್ಲಿ ಮಾತ್ರ ದಾರ ಹಿಡಿದಂತೆ ನೇರ. 1944ರಲ್ಲಿ ಬರ್ಮಾ ಗಡಿಯಲ್ಲಿ ನಮ್ಮ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಹಾರಿಸಿದ್ದು ಇದನ್ನೇ. ಅವರಿಗೆ ನನ್ನಂತೆ ಮತ್ತೆ ಮೊದಲಿನಿಂದ ಶುರು ಮಾಡುವ ಬಟನ್ ಇರಲಿಲ್ಲ. ಕೆಳಗಿದ್ದವರಿಗೂ ಇರಲಿಲ್ಲ ಎಂಬುದನ್ನು ನಾವಾಡುವವರು ಮರೆಯಬಾರದು.

ಇದನ್ನೆಲ್ಲ ಈ ಅಂಕಣದಲ್ಲಿ ಬರೆಯಲು ಕಾರಣವಿದೆ. ಅದೇ ದಿನಗಳಲ್ಲಿ ನಮ್ಮ ಕಾರ್ಖಾನೆಯಲ್ಲಿ ಒಂದು ಲಾಟ್ ಪೂರ್ತಿ ರಿಜೆಕ್ಟ್ ಆಯಿತು. ಕೊನೆಯ ತಪಾಸಣೆ ಮಾಡಿದ ಹುಡುಗ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. ಎಲ್ಲರೆದುರು ಅವನ ಮೇಲೆ ರೇಗಿದೆ. ಸ್ಟೂಕಾದ ರೆಕಾರ್ಡಿಂಗ್ ನೋಡಿದ ಮರುವಾರ, ಯಾಕೋ ಆ ಲಾಟ್‌ನ ಕಾಗದಗಳನ್ನು ಮೊದಲಿನಿಂದ ತಿರುವಿದೆ. ಡ್ರಾಯಿಂಗ್‌ನಲ್ಲಿ ಹಳೆಯ ಅಳತೆ ಉಳಿದಿತ್ತು. ಕೆಳಗೆ ಸಹಿ ನನ್ನದೇ. ಹುಡುಗ ನಿಂತಿದ್ದದ್ದು ಕೊನೆಯ ಐದು ಸೆಕೆಂಡಿನಲ್ಲಿ. ಬಾಂಬು ದಾರಿ ತಪ್ಪಿದ್ದು ನನ್ನ ಮೇಜಿನ ಮೇಲೆ. ಎಲ್ಲರೆದುರು ಬೈದಿದ್ದೆನಲ್ಲ, ಕ್ಷಮೆಯನ್ನೂ ಎಲ್ಲರೆದುರೇ ಕೇಳಿದೆ. ಆ ದಿನ ನಾಲಗೆ ಬಹಳ ಭಾರವಾಗಿತ್ತು.

ಪರಊರಿನಲ್ಲಿ ದುಡಿಯುವ ನಮ್ಮಂಥವರಿಗೆ ಫಲಿತಾಂಶ ತೋರಿಸುವ ಆತುರ ಒಂದು ಕೈ ಹೆಚ್ಚೇ. ಅದಕ್ಕೇ ತಪ್ಪಾದಾಗ ಕೊನೆಯಲ್ಲಿ ನಿಂತವನ ಕೊರಳಪಟ್ಟಿಗೆ ಕೈ ಹಾಕುತ್ತೇವೆ. ಎಲ್ಲ ತಪ್ಪೂ ಮೇಲೆಯೇ ಆಗುತ್ತದೆ ಎನ್ನುತ್ತಿಲ್ಲ, ಕೈ ನಡುಗಿ ಬಟನ್ ತಡವಾಗುವುದೂ ಉಂಟು. ಆದರೆ ಹುಡುಕಾಟ ಮೇಲಿನಿಂದ ಶುರುವಾಗಬೇಕು ಎಂಬುದು ನನ್ನ ವಾದ.

ಈ ಆಟ ಆಡುವವರಿಗೆ ನನ್ನ ಸಲಹೆ ಇಷ್ಟೆ. ಮೊದಲ ಹತ್ತು ಇಳಿತ ಬಾಂಬಿಲ್ಲದೆ ಮಾಡಿ. ಗಾಳಿಗೆ ಎದುರಾಗಿ ಇಳಿಯಿರಿ, ಆಗ ತಪ್ಪು ಹಿಂದೆ ಮುಂದೆ ಮಾತ್ರ ಆಗುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ. ಬ್ರೇಕ್, ಥ್ರಾಟಲ್ ಎರಡೂ ಮೂಗು ಇಳಿಸುವ ಮೊದಲೇ ಮುಗಿದಿರಲಿ. ಸ್ಲಿಪ್ ತೋರಿಸುವ ಗೋಲಿ ನಡುವೆ ನಿಲ್ಲಲಿ. ಪ್ರತಿ ಸಲವೂ ಒಂದೇ ಎತ್ತರ, ಒಂದೇ ವೇಗ. ಆಮೇಲೆ ರೆಕಾರ್ಡಿಂಗ್ ನೋಡಿ, ಬಾಂಬು ಬಿದ್ದ ಜಾಗದಿಂದಲ್ಲ, ನೀವು ಮೂಗು ತಿರುಗಿಸಿದ ಜಾಗದಿಂದ.

ಈಗ ನಾನು ಹತ್ತಕ್ಕೆ ಆರು ಹೊಡೆಯುತ್ತೇನೆ. ಗೆಳೆಯ ಎಂಟು. ಹಳೆಯ ಜಾಯ್‌ಸ್ಟಿಕ್ ಚೆನ್ನಾಗಿಯೇ ಇದೆ, ಮಗ ಎತ್ತಿಕೊಂಡಿದ್ದಾನೆ.